ಹಳೆ ಫೋರ್ಕ್‌ಲಿಫ್ಟಿಗೆ ಬೇಲ್ ಕ್ಲಾಂಪ್ ಹಾಕಿಸಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು, ಶಿವಮೊಗ್ಗ:

ನಮ್ಮದು ಸಾಗರ ರಸ್ತೆ ಕಡೆ ರದ್ದಿ ಪೇಪರ್, ರಟ್ಟಿನ ಗೋಡೌನ್. ಪ್ರೆಸ್ ಮಾಡಿದ ಬೇಲ್ ಒಂದೊಂದು ಸುಮಾರು 700 ಕೆಜಿ ಬರುತ್ತದೆ. 3 ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್ ಇದೆ. ಫೋರ್ಕ್ ಚುಚ್ಚಿ ಚುಚ್ಚಿ ಬೇಲಿನ ತಂತಿ ಹರಿಯುತ್ತಿದೆ. ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಹೈಡ್ರಾಲಿಕ್ ಬೇಲ್ ಕ್ಲಾಂಪ್ (ಬೇಲನ್ನು ಎರಡೂ ಬದಿಯಿಂದ ತೋಳಿನಲ್ಲಿ ಅಮುಕಿ ಹಿಡಿಯುವ ಸಾಧನ) ಸಿಗುತ್ತಿದೆ. ಇಲ್ಲೇ ವೆಲ್ಡಿಂಗ್ ಶಾಪಿನವರು ಕೂರಿಸಿಕೊಡುತ್ತೇವೆ ಅನ್ನುತ್ತಾರೆ. 3 ಟನ್ ಗಾಡಿ ಅಲ್ವಾ, ಮೂರು ಬೇಲ್ ಒಟ್ಟಿಗೆ ಎತ್ತಬಹುದು ಅಂತ ನಮ್ಮ ಲೆಕ್ಕ. ತಗೊಳ್ಳಬಹುದಾ? ಮಳೆಗಾಲದಲ್ಲಿ ಏನೇನು ನೋಡಿಕೊಳ್ಳಬೇಕು?

ಫಿಟ್ಟರ್, ಮಾಚೇನಹಳ್ಳಿ ಕಡೆ:

ಕ್ಲಾಂಪ್ ತಗೊಳ್ಳಿ ಸರ್, ಒಳ್ಳೆಯದೇ. ಆದರೆ ಮೂರು ಬೇಲ್ ಬೇಡವೇ ಬೇಡ. ಕ್ಲಾಂಪ್ ಹಾಕಿದ ದಿನದಿಂದ ಅದು 3 ಟನ್ ಗಾಡಿ ಅಲ್ಲ.

ಗಾಡಿಯ ಕ್ಯಾಪಾಸಿಟಿ ಪ್ಲೇಟಿನ (ಎಷ್ಟು ಎತ್ತಬಹುದು ಅಂತ ಬರೆದ ಫಲಕ) ಮೇಲಿರುವ 3,000 ಕೆಜಿ ಬರೀ ಫೋರ್ಕಿಗೆ ಬರೆದದ್ದು. ಅದೂ ಭಾರದ ನಡುಮಧ್ಯ ಫೋರ್ಕಿನ ಬುಡದಿಂದ 500 ಮಿ.ಮೀ. ದೂರ ಇದ್ದಾಗ. ತಕ್ಕಡಿ ಅಂದುಕೊಳ್ಳಿ. ಮುಂದಿನ ಚಕ್ರದ ಆಕ್ಸಲ್ಲೇ ಅದರ ನಡು. ಹಿಂದೆ ಗಾಡಿಯ ತೂಕ, ಮುಂದೆ ನಿಮ್ಮ ಭಾರ. ಆಕ್ಸಲ್‌ನಿಂದ ಫೋರ್ಕಿನ ಬುಡಕ್ಕೆ 480 ಮಿ.ಮೀ. ಇದೆ ಅಂತ ಇಟ್ಟುಕೊಳ್ಳೋಣ. ಆಗ ಗಾಡಿ ತಡೆಯುವುದು 3,000 ಗುಣಿಸು 980, ಅಂದರೆ 29,40,000. ಈಗ 700 ಕೆಜಿಯ ಕ್ಲಾಂಪ್ ಬಂತು. ಅದರ ತೂಕದ ನಡು ಕ್ಯಾರೇಜಿನಿಂದ (ಫೋರ್ಕ್ ನೇತುಹಾಕುವ, ಮೇಲೆ ಕೆಳಗೆ ಹೋಗುವ ಚೌಕಟ್ಟು) 250 ಮಿ.ಮೀ. ಮುಂದೆ. 700 ಗುಣಿಸು 730, ಅಂದರೆ 5,11,000 ಅಲ್ಲೇ ಖರ್ಚು. ಉಳಿದದ್ದು 24,29,000. ಕ್ಲಾಂಪ್ ಭಾರವನ್ನು 200 ಮಿ.ಮೀ. ಮುಂದಕ್ಕೆ ತಳ್ಳುತ್ತದೆ. ಬೇಲ್ 1.2 ಮೀಟರ್ ಉದ್ದ ಇದ್ದರೆ ಅದರ ಅರ್ಧ 600. ಎಲ್ಲ ಸೇರಿ ಆಕ್ಸಲ್‌ನಿಂದ 1,280 ಮಿ.ಮೀ. ಭಾಗಿಸಿದರೆ ಸುಮಾರು 1,900 ಕೆಜಿ ಬರುತ್ತದೆ. ನಿಮ್ಮ ಮೂರು ಬೇಲ್ 2,100. ಮೇಲಕ್ಕೆ ಎತ್ತಿ ಒಂದು ಬ್ರೇಕ್ ಹೊಡೆದರೆ ಹಿಂದಿನ ಚಕ್ರ ನೆಲ ಬಿಡುತ್ತದೆ.

ಇದು ನಾನು ಕಾಗದದ ಮೇಲೆ ಮಾಡಿ ತೋರಿಸಿದ ಲೆಕ್ಕ. ಮಾಸ್ಟ್, ಅಂದರೆ ಭಾರ ಎತ್ತುವ ಮುಂದಿನ ಕಂಬ, ಎತ್ತರ ಜಾಸ್ತಿ ಇದ್ದರೆ ಇನ್ನೂ ಇಳಿಯುತ್ತದೆ. ಗಾಡಿ ಕಂಪನಿಗೆ ಕ್ಲಾಂಪಿನ ಮಾಡೆಲ್, ತೂಕ ಕಳಿಸಿ. ಒಪ್ಪಿಗೆ ಬರಹದಲ್ಲೇ ತಗೊಳ್ಳಿ, ಹೊಸ ಕ್ಯಾಪಾಸಿಟಿ ಪ್ಲೇಟ್ ಮಾಡಿಸಿಕೊಳ್ಳಿ. ಅದು ಡ್ರೈವರ್ ಕಣ್ಣೆದುರು ಇರಬೇಕು. ಆ ಪ್ಲೇಟ್ ಬರುವ ತನಕ ಗಾಡಿಯನ್ನು ಕೆಲಸಕ್ಕೆ ಬಿಡಬೇಡಿ.

ಬೆಂಗಳೂರಿಗೆ ಹೋಗುವ ಮುಂಚೆ ಟೇಪ್ ಹಿಡಿದು ನಿಮ್ಮ ಕ್ಯಾರೇಜ್ ಅಳೆಯಿರಿ. ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ 407 ಮಿ.ಮೀ. ಇದ್ದರೆ ಕ್ಲಾಸ್ 2, 508 ಇದ್ದರೆ ಕ್ಲಾಸ್ 3 (ಕ್ಲಾಸ್ ಅಂದರೆ ಕ್ಯಾರೇಜಿನ ಅಳತೆಯ ದರ್ಜೆ). 3 ಟನ್ ಗಾಡಿಗೆ ಸಾಮಾನ್ಯವಾಗಿ ಕ್ಲಾಸ್ 3. ಕ್ಲಾಂಪ್ ಬೇರೆ ಕ್ಲಾಸಿನದಾದರೆ ವೆಲ್ಡ್ ಹಾಕಿ ಹೊಂದಿಸುತ್ತೇವೆ ಅನ್ನುವವರು ಇರುತ್ತಾರೆ. ದಯವಿಟ್ಟು ಮಾಡಿಸಬೇಡಿ. ಮಾಸ್ಟಿಗೆ, ಕ್ಯಾರೇಜಿಗೆ ವೆಲ್ಡಿಂಗ್ ರಾಡ್ ಮುಟ್ಟಿಸಲೇಬಾರದು.

ಕೂರಿಸುವಾಗ ಕ್ಲಾಂಪಿನ ಮೇಲಿನ ಹುಕ್ಕಿನ ನಡುವೆ ಒಂದು ಗುಬ್ಬಿ (ಸಣ್ಣ ಉಬ್ಬು) ಇರುತ್ತದೆ. ಅದು ಕ್ಯಾರೇಜಿನ ಮೇಲಂಚಿನ ಕಚ್ಚಿನಲ್ಲಿ ಕೂರಬೇಕು. ಕಚ್ಚಿನಲ್ಲಿ ಮಣ್ಣು, ಗ್ರೀಸ್ ಗಟ್ಟಿಯಾಗಿದ್ದರೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ನಾನು ಪ್ರತಿ ಸಲ ಬೆರಳು ಹಾಕಿ ಮುಟ್ಟಿ ನೋಡುತ್ತೇನೆ. ಕ್ಲಾಂಪ್ ಕ್ರೇನಿನಲ್ಲಿ ನೇತಾಡುತ್ತಿರುವಾಗ ಅಲ್ಲ, ಇಂಜಿನ್ ಆಫ್ ಮಾಡಿ ಭಾರ ಪೂರ್ತಿ ಕೂತ ಮೇಲೆ. ಕೆಳಗಿನ ಹುಕ್ಕಿನ ಬೋಲ್ಟಿಗೆ ಟಾರ್ಕ್ ರೆಂಚ್ ಹಾಕಿ, ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ. ಮೊದಲ ದಿನದ ಕೆಲಸ ಮುಗಿದ ಮೇಲೆ ಇನ್ನೊಮ್ಮೆ ನೋಡಿ.

ಹೋಸ್ ಪೈಪ್ ಜೋಡಿಸಿ ಆದ ಮೇಲೆ ಮಾಸ್ಟನ್ನು ಖಾಲಿ ಇದ್ದಾಗಲೇ ನಿಧಾನಕ್ಕೆ ತುದಿ ತನಕ ಎತ್ತಿ, ಪೂರ್ತಿ ಇಳಿಸಿ. ಮುಂದಕ್ಕೆ ಬಾಗಿಸಿ, ಹಿಂದಕ್ಕೆ ಬಾಗಿಸಿ. ಪೈಪ್ ಎಲ್ಲೂ ಎಳೆಯಬಾರದು, ಮಡಚಬಾರದು, ಚೈನಿಗೆ ತಾಗಬಾರದು. ಪ್ರೆಶರ್ ಕ್ಲಾಂಪಿನ ಪ್ಲೇಟಿನಲ್ಲಿ ಬರೆದದ್ದನ್ನು ಮೀರದಂತೆ ಗೇಜ್ ಹಾಕಿ ಸೆಟ್ ಮಾಡಿಸಿ. ಹಿಡಿತ ಸಾಲದು ಅಂತ ರಿಲೀಫ್ ವಾಲ್ವ್ (ಪ್ರೆಶರಿಗೆ ಮಿತಿ ಹಾಕುವ ವಾಲ್ವ್) ತಿರುಗಿಸುತ್ತಾ ಹೋದರೆ ಬೇಲೂ ಜಜ್ಜುತ್ತದೆ, ಸೀಲೂ ಹೋಗುತ್ತದೆ.

ಡ್ರೈವರ್, ಭದ್ರಾವತಿ:

ಅಣ್ಣ ಲೆಕ್ಕ ಸರಿಯಾಗಿ ಹೇಳಿದ್ದಾರೆ. ನಾನು ಓಡಿಸುವ ಕಡೆಯಿಂದ ಹೇಳುತ್ತೇನೆ.

ಬೇಲ್ ಹಿಡಿದಾಗ ಮುಂದೆ ಏನೂ ಕಾಣುವುದಿಲ್ಲ. ಹಿಮ್ಮುಖವಾಗಿಯೇ ಓಡಿಸಿ, ತಿರುಗಿ ನೋಡಿಕೊಂಡು. ನಮ್ಮ ಕಡೆ ಯಾರ್ಡ್ ಎಲ್ಲ ಏರು ತಗ್ಗು. ಇಳಿಜಾರಿನಲ್ಲಿ ಭಾರ ಯಾವಾಗಲೂ ಏರಿನ ಕಡೆಗೇ ಇರಬೇಕು. ಅಂದರೆ ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್. ಹತ್ತುವಾಗ ಮುಂದೆ ಕಾಣದ್ದಕ್ಕೆ ಪಕ್ಕದಲ್ಲಿ ದೂರ ನಿಂತು ದಾರಿ ತೋರಿಸಲು ಒಬ್ಬರನ್ನು ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಗಾಡಿ ಅಡ್ಡ ತಿರುಗಿಸಲೇಬೇಡಿ. ಖಾಲಿ ಕ್ಲಾಂಪ್ ಇದ್ದಾಗಲೂ ಮೂತಿ ಭಾರ ಇರುತ್ತದೆ ಅನ್ನುವುದು ನೆನಪಿರಲಿ.

ಹಮಾಲಿಗಳು ಬೇಲ್ ಜಾರದಿರಲಿ ಅಂತ ಕೈ ಕೊಡಲು ಓಡಿ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ನಾನು ಅವರು ದೂರ ಹೋಗುವ ತನಕ ಲಿವರ್ ಮುಟ್ಟುವುದಿಲ್ಲ, ಮೇಸ್ತ್ರಿ ಬೈದರೂ ಸರಿ.

ಅಡಿಕೆ ಗೋಡೌನಿನವರು, ಹೊಸನಗರ:

ಮಳೆಗಾಲದ ಬಗ್ಗೆ ಕೇಳಿದಿರಿ. ನಮ್ಮಲ್ಲಿ ಸೈಡ್ ಶಿಫ್ಟರ್ (ಫೋರ್ಕನ್ನು ಎಡಕ್ಕೆ ಬಲಕ್ಕೆ ಸರಿಸುವ ಹೈಡ್ರಾಲಿಕ್ ಸಾಧನ) ಇದೆ, ಕಷ್ಟ ಒಂದೇ. ಆರಿದ್ರಾ ಮಳೆ ಹಿಡಿದರೆ ಶೆಡ್ಡಿನೊಳಗೂ ಎಲ್ಲ ಒದ್ದೆ. ಗಾಡಿ ನಿಲ್ಲಿಸುವಾಗ ಸಿಲಿಂಡರ್ ರಾಡ್ ಎಷ್ಟು ಒಳಗೆ ಹೋಗುತ್ತದೋ ಅಷ್ಟು ಒಳಗೆ ಎಳೆದು ನಿಲ್ಲಿಸುತ್ತೇವೆ. ಹೊರಗೆ ಬಿಟ್ಟರೆ ರಾಡಿನ ಮೇಲೆ ಸಾಸಿವೆ ಕಾಳಷ್ಟು ತುಕ್ಕು ಬರುತ್ತದೆ. ಆಮೇಲೆ ಪ್ರತಿ ಸಲ ಒಳಗೆ ಹೊರಗೆ ಆಡುವಾಗ ಅದೇ ಸೀಲನ್ನು ಕೊಯ್ಯುತ್ತದೆ. ಬೆಳಿಗ್ಗೆ ಡಿಪ್ ಸ್ಟಿಕ್ ಎಳೆದು ಹೈಡ್ರಾಲಿಕ್ ಆಯಿಲ್ ನೋಡಿ. ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ. ಬದಲಾಯಿಸಲೇಬೇಕು, ನೀರು ಎಲ್ಲಿಂದ ಬಂತು ಅಂತಲೂ ಹುಡುಕಬೇಕು. ನಮ್ಮಲ್ಲಿ ಬ್ರೀದರ್ ಕ್ಯಾಪ್ (ಆಯಿಲ್ ಟ್ಯಾಂಕಿಗೆ ಗಾಳಿ ಆಡುವ ಮುಚ್ಚಳ) ಸಡಿಲ ಇತ್ತು.

ರಟ್ಟು ನೀರು ಕುಡಿಯುತ್ತದೆ. ಜುಲೈನಲ್ಲಿ ನಿಮ್ಮ ಒಂದು ಬೇಲನ್ನು ಮತ್ತೆ ತೂಕಕ್ಕೆ ಹಾಕಿ. 700 ಅಂತ ನಂಬಿಕೊಂಡು ಕೂರಬೇಡಿ.

ಇನ್ನೊಂದು ಹೇಳಲೇಬೇಕು. ನಮ್ಮ ಹುಡುಗ ಒಬ್ಬ ಹೋಸ್ ಪೈಪ್ ಎಲ್ಲಿ ಲೀಕ್ ಆಗುತ್ತಿದೆ ಅಂತ ಕೈ ಸವರಿ ನೋಡಿದ. ಇಂಜಿನ್ ಓಡುತ್ತಿತ್ತು. ತೋರುಬೆರಳಲ್ಲಿ ಸೂಜಿ ಚುಚ್ಚಿದಷ್ಟು ಕಲೆ, ರಕ್ತವೂ ಇಲ್ಲ. ನೋವಿಲ್ಲ ಅಂದ, ಊಟ ಮಾಡಿದ. ಸಂಜೆ ಹೊತ್ತಿಗೆ ಅಂಗೈ ತನಕ ಊದಿ ನೀಲಿಯಾಗಿತ್ತು. ಪ್ರೆಶರಿನಲ್ಲಿದ್ದ ಆಯಿಲ್ ಚರ್ಮದೊಳಗೆ ಹೋಗಿತ್ತು. ಆಪರೇಷನ್ ಮಾಡಿ ಬೆರಳಿನ ತುದಿ ತೆಗೆದರು. ಬೆಳಿಗ್ಗೆಯೇ ಕರೆದುಕೊಂಡು ಹೋಗಿದ್ದರೆ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಲೀಕ್ ನೋಡಲು ರಟ್ಟಿನ ತುಂಡು ಹಿಡಿಯಿರಿ, ನಿಮ್ಮಲ್ಲಂತೂ ರಟ್ಟಿಗೆ ಬರ ಇಲ್ಲ. ಗ್ಲೌಸ್ ನಂಬಬೇಡಿ. ಚುಚ್ಚಿತು ಅಂದರೆ ಕಲೆ ಎಷ್ಟೇ ಚಿಕ್ಕದಿರಲಿ, ನೇರ ಆಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತಲೇ ಹೇಳಿ.

ಕೇಳಿದವರು, ಶಿವಮೊಗ್ಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾರೇಜ್ ಅಳೆದೆ, 508 ಇದೆ. ವೆಲ್ಡಿಂಗ್ ಶಾಪಿನವರಿಗೆ ಬೇಡ ಅಂದೆ. ಮೂರು ಬೇಲಿನ ಯೋಚನೆ ಬಿಟ್ಟೆ, ಕಂಪನಿಗೆ ಪತ್ರ ಬರೆಯುತ್ತೇನೆ. ಆ ಕ್ಲಾಂಪನ್ನು ನೋಡಲು ಹೋದಾಗ ಅಲ್ಲೇ ಏನು ಪರೀಕ್ಷೆ ಮಾಡಬೇಕು?

ಫಿಟ್ಟರ್, ಮಾಚೇನಹಳ್ಳಿ ಕಡೆ:

ಅವರ ಗಾಡಿಯಲ್ಲೇ ಹಾಕಿಸಿ ತೋರಿಸಿ ಅನ್ನಿ. ಒಂದು ಬೇಲ್ ಹಿಡಿಸಿ, ನೆಲದಿಂದ ಒಂದು ಗೇಣು ಎತ್ತಿಸಿ, ಇಂಜಿನ್ ಆಫ್ ಮಾಡಿಸಿ. ಹತ್ತು ನಿಮಿಷ ದೂರ ನಿಂತು ನೋಡಿ. ಬೇಲ್ ಜಾರಿದರೆ ಚೆಕ್ ವಾಲ್ವ್ ಅಥವಾ ಸೀಲ್ ಹೋಗಿದೆ. ಆ ವಾಲ್ವೇ ಪೈಪ್ ಒಡೆದರೂ ಹಿಡಿತ ಬಿಡದಂತೆ ಕಾಯುವುದು. ತೋಳುಗಳ ವೆಲ್ಡಿಂಗ್ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಾಕಿ ಬಿರುಕು ಹುಡುಕಿ. ಹೊಸದಾಗಿ ಪೇಂಟ್ ಹೊಡೆದಿದ್ದರೆ ಇನ್ನೂ ಜಾಸ್ತಿ ನೋಡಿ. ಪ್ಲೇಟಿನಲ್ಲಿ ಮಾಡೆಲ್, ತೂಕ ಓದಲು ಆಗದಿದ್ದರೆ ವಾಪಸ್ ಬನ್ನಿ, ಕಂಪನಿಗೆ ಕಳಿಸಲು ಅದೇ ಬೇಕು.

ನಿಮ್ಮ ಗಾಡಿಗೆ ಹಾಕುವಾಗ ಬಿಡಿಸುವ ಲಿವರಿಗೆ ಲಾಕ್ ಇರಲಿ. ಒಂದು ಗುಂಡಿ ಒತ್ತಿ ಹಿಡಿದು ಆಮೇಲೆ ಲಿವರ್ ಎಳೆದರೆ ಮಾತ್ರ ಕ್ಲಾಂಪ್ ತೆರೆಯಬೇಕು. ಮೊಣಕೈ ತಾಗಿ ತೆರೆದುಕೊಂಡರೆ ಕಷ್ಟ. ಹಾಕಿಸುವ ದಿನ ಹೇಳಿ, ಭಾನುವಾರ ಆದರೆ ನಾನೇ ಬರುತ್ತೇನೆ.