ಎನ್‌ಕ್ರಿಪ್ಟ್ ಮಾಡುವ ಮೊದಲು ಅಂಕಿಯನ್ನು ಎಷ್ಟು ಒರಟು ಮಾಡಬಹುದು?

ಪ್ರಶ್ನೆ: ನಮಸ್ಕಾರ ಮೇಡಂ. ಜಯನಗರದಲ್ಲಿ ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ತಂಡ ನಮ್ಮದು. ರೋಗಿಯ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆ ಅಂಕಿ, ಎನ್‌ಕ್ರಿಪ್ಟ್ ಆಗಿ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಅದನ್ನು ಬಿಚ್ಚದೆಯೇ ಲೆಕ್ಕ ಹಾಕಬೇಕು. ಹೀಗೆ ಬಿಚ್ಚದೆ ಲೆಕ್ಕ ಹಾಕಲು ನಾವು ಬಳಸುವುದು ಟಿಎಫ್‌ಎಚ್‌ಇ ಅನ್ನುವ ಎನ್‌ಕ್ರಿಪ್ಶನ್ ಪದ್ಧತಿ, ಅದರಲ್ಲಿ ಸಣ್ಣ ಪೂರ್ಣಾಂಕ ಕೊಟ್ಟರೆ ಮಾತ್ರ ವೇಗ. ಅದಕ್ಕೆ 4ರಿಂದ 14ರವರೆಗಿನ ಅಂಕಿಯನ್ನು 4 ಬಿಟ್‌ಗೆ ಇಳಿಸಿದೆವು. ಆದರೆ ಉತ್ತರ ತಪ್ಪುತ್ತಿದೆ. ಎಲ್ಲಿ ಎಡವಿದ್ದೇವೆ?

ಉತ್ತರ: ಮಾರ್ಕೆಟ್‌ನಲ್ಲಿ 50 ಗ್ರಾಂಗಿಂತ ಚಿಕ್ಕ ಬಟ್ಟು ಇಲ್ಲದ ತಕ್ಕಡಿ ನೋಡಿದ್ದೀರಲ್ವಾ? ಬೀನ್ಸ್ 1 ಕೆಜಿ 30 ಗ್ರಾಂ ಇದ್ದರೂ ಅದು ಸಾವಿರ ಇಲ್ಲವೇ ಸಾವಿರದ ಐವತ್ತು ಅನ್ನಬೇಕು. ನಿಮ್ಮ 4 ಬಿಟ್ ಅಂದರೆ 16 ಮೆಟ್ಟಿಲು, ಒಂದೊಂದರ ಎತ್ತರ ಸುಮಾರು 0.67. ಈಗ 6.4 ಮತ್ತು 6.5 ಹಾಕಿ ನೋಡಿ, ಎರಡೂ 4ನೇ ಮೆಟ್ಟಿಲಿಗೇ ಬೀಳುತ್ತವೆ. ಡಾಕ್ಟರ್ ಡಯಾಬಿಟಿಸ್ ಅಂತ ಹೇಳುವ ಗೆರೆ ಇರುವುದೇ 6.5ರಲ್ಲಿ! 6 ಬಿಟ್ ಮಾಡಿದರೆ 64 ಮೆಟ್ಟಿಲು, 6.4 ಹೋಗಿ 15ರಲ್ಲಿ ಕೂರುತ್ತದೆ, 6.5 ಹೋಗಿ 16ರಲ್ಲಿ. ಬಿಟ್ ಎಷ್ಟು ಬೇಕು ಅನ್ನುವುದನ್ನು ಸರಾಸರಿ ತಪ್ಪು ನೋಡಿ ತೀರ್ಮಾನಿಸಬೇಡಿ. ನಿಮ್ಮ ಗೆರೆ ಎಲ್ಲಿದೆ, ಅದರ ಅಕ್ಕಪಕ್ಕ ಏನಾಗುತ್ತದೆ, ಅದನ್ನು ನೋಡಿ.

ಪ್ರಶ್ನೆ: ಹಾಗಾದರೆ ಸುಮ್ನೆ 8 ಬಿಟ್ ಇಟ್ಟುಬಿಡಬಹುದಲ್ವಾ?

ಉತ್ತರ: ಬೇಡ. ಅಂಕಿ ಒಂದೇ ಅಲ್ಲ, ಮೊತ್ತವೂ ಬೆಳೆಯುತ್ತದೆ. ಒಬ್ಬ ರೋಗಿಯ 12 ಅಂಕಿ ಇವೆ, ಒಂದೊಂದನ್ನೂ ಅದರ ತೂಕದಿಂದ, ಅಂದರೆ ಅದು ಎಷ್ಟು ಮುಖ್ಯ ಅನ್ನುವ ಸಂಖ್ಯೆಯಿಂದ, ಗುಣಿಸಿ ಕೂಡುತ್ತೀರಿ ಅಂದುಕೊಳ್ಳಿ. ಅಂಕಿಗೆ 6 ಬಿಟ್, ತೂಕಕ್ಕೆ 4 ಬಿಟ್ ಕೊಟ್ಟರೆ ಮೊತ್ತ ಹೆಚ್ಚೆಂದರೆ 63 × 15 × 12, ಅಂದರೆ 11,340. 14 ಬಿಟ್‌ನಲ್ಲಿ ಹಿಡಿಯುತ್ತದೆ. ಎರಡಕ್ಕೂ 8 ಬಿಟ್ ಕೊಟ್ಟರೆ 7,80,300. ಅದಕ್ಕೆ 20 ಬಿಟ್ ಬೇಕು. ಟಿಎಫ್‌ಎಚ್‌ಇಯಲ್ಲಿ ‘ಗೆರೆ ದಾಟಿತಾ’ ಅಂತ ಕೇಳುವುದು ಒಂದೊಂದು ಅಂಕಿಗೂ ಉತ್ತರ ಮೊದಲೇ ಬರೆದಿಟ್ಟ ಒಂದು ಟೇಬಲ್ ಮೂಲಕ. ಒಂದು ಬಿಟ್ ಜಾಸ್ತಿಯಾದರೆ ಟೇಬಲ್ ದುಪ್ಪಟ್ಟು. ಜಾಗ ಸಾಲದಿದ್ದರೆ ಇನ್ನೂ ಕಷ್ಟ. 14 ಬಿಟ್‌ನಲ್ಲಿ 16,390 ಬಂದರೆ ಅದು ಸುತ್ತಿ ಬಂದು 6 ಆಗಿಬಿಡುತ್ತದೆ. ಎಲ್ಲ ಎನ್‌ಕ್ರಿಪ್ಟ್ ಆಗಿರುವುದರಿಂದ ಸರ್ವರ್‌ಗೆ ಅದು ಗೊತ್ತೂ ಆಗುವುದಿಲ್ಲ.

ಪ್ರಶ್ನೆ: ಸಿಕೆಕೆಎಸ್ ಅನ್ನುವ ಇನ್ನೊಂದು ಎನ್‌ಕ್ರಿಪ್ಶನ್ ಪದ್ಧತಿ ಬಳಸಿದರೆ ದಶಮಾಂಶವೇ ಕೊಡಬಹುದು ಅಂತ ಗೆಳೆಯರೊಬ್ಬರು ಹೇಳಿದರು.

ಉತ್ತರ: ಕೊಡಬಹುದು. 2017ರಲ್ಲಿ ಬಂದ ಆ ಪದ್ಧತಿ ಅಂದಾಜು ಲೆಕ್ಕಕ್ಕೆಂದೇ ಹುಟ್ಟಿದ್ದು. ಒಳಗೆ ಅದೂ ದೊಡ್ಡ ಸಂಖ್ಯೆಯಿಂದ ಗುಣಿಸಿ ಪೂರ್ಣಾಂಕವನ್ನೇ ಮಾಡಿಕೊಳ್ಳುತ್ತದೆ. ಕೂಡುವುದು, ಗುಣಿಸುವುದು ತುಂಬ ಇದ್ದರೆ ಅದೇ ಒಳ್ಳೆಯದು. ನಿಮ್ಮ ಹಾಗೆ ‘6.5 ದಾಟಿತಾ’ ಅಂತ ಕೇಳುವ ಕೆಲಸಕ್ಕೆ ನಾನಾದರೆ ಟಿಎಫ್‌ಎಚ್‌ಇಯನ್ನೇ ಹಿಡಿಯುತ್ತೇನೆ.

ಇನ್ನೊಂದು ಮಾತು, ಇದು ನನ್ನನ್ನು ವಾರಗಟ್ಟಲೆ ಕಾಡಿದ್ದು. ಒಂದು ಲ್ಯಾಬ್‌ನ ಫೈಲಿನಲ್ಲಿ 6.5 ಬದಲು 65 ಅಂತ ಟೈಪ್ ಆಗಿತ್ತು. ನಮ್ಮ ಪ್ರೋಗ್ರಾಂ ಗರಿಷ್ಠ ಅಂಕಿ 65 ಅಂತ ನಂಬಿ ಮೆಟ್ಟಿಲನ್ನು ಹಿಗ್ಗಿಸಿತು. 64 ಮೆಟ್ಟಿಲಿನಲ್ಲಿ ನಿಜವಾದ ರೋಗಿಗಳಿಗೆ ಉಳಿದಿದ್ದು ಬರೀ 11. ಸರಿಯಿರುವ 5.5, ಅಂಚಿನ 6.4 ಎರಡೂ ಒಂದೇ ಕಡೆ ಕೂತವು. ವ್ಯಾಪ್ತಿಯನ್ನು ಫೈಲಿನಿಂದ ಕಲಿಯಬೇಡಿ, ಡಾಕ್ಟರನ್ನು ಕೇಳಿ ಮೊದಲೇ ಗಟ್ಟಿ ಮಾಡಿ. ಹೊರಗೆ ಬಿದ್ದ ಅಂಕಿಯನ್ನು ಲ್ಯಾಬ್‌ನ ಕಂಪ್ಯೂಟರಿನಲ್ಲೇ ತಡೆದು, ಟೈಪ್ ಮಾಡಿದವರಿಗೆ ವಾಪಸ್ ತೋರಿಸಿ. ಸುಮ್ಮನೆ 14ಕ್ಕೆ ಕತ್ತರಿಸಿದರೆ ಆ ರೋಗಿಗೆ ಕಾಯಿಲೆ ವಿಪರೀತ ಅನ್ನುವ ಉತ್ತರ ಹೋಗುತ್ತದೆ.

ಪ್ರಶ್ನೆ: ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಅಳತೆ, ಅಂದರೆ ಮೆಟ್ಟಿಲಿನ ಎತ್ತರ, ಇಟ್ಟು, ಅದನ್ನೂ ಜೊತೆಗೇ ಕಳಿಸಿದರೆ?

ಉತ್ತರ: ದಯವಿಟ್ಟು ಮಾಡಬೇಡಿ. ಆ ಅಳತೆ ಎನ್‌ಕ್ರಿಪ್ಟ್ ಆಗದೆ ಹೋದರೆ, ದೊಡ್ಡ ಅಳತೆ ಬಂದ ರೋಗಿಯ ಸಕ್ಕರೆ ದೊಡ್ಡದು ಅಂತ ಸರ್ವರ್‌ಗೆ ನೀವೇ ಹೇಳಿದಂತೆ. ಎಲ್ಲರಿಗೂ ಒಂದೇ ಅಳತೆ ಇರಲಿ.