ಬಯಾಪ್ಸಿಯಲ್ಲಿದ್ದ ಮ್ಯುಟೇಶನ್ ಪ್ಲಾಸ್ಮಾದಲ್ಲಿ ಕಾಣುತ್ತಿಲ್ಲ, ಎಲ್ಲಿ ತಪ್ಪಿದೆ?

ಹೊಸ_ಪಿಪೆಟ್:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದರಲ್ಲೇ ಒದ್ದಾಡುತ್ತಿದ್ದೇನೆ. ಶ್ವಾಸಕೋಶದ ಕ್ಯಾನ್ಸರ್ ಇರುವ ಇಬ್ಬರ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯಲ್ಲಿ ಟಿ790ಎಂ (ಔಷಧಿಗೆ ಗಡ್ಡೆ ಬಗ್ಗದಂತೆ ಮಾಡುವ, ಇಜಿಎಫ್‌ಆರ್ ಜೀನಿನ ಮ್ಯುಟೇಶನ್) ಹುಡುಕಬೇಕು. ಇಬ್ಬರೂ ಜೆಫಿಟಿನಿಬ್ ಮಾತ್ರೆಯ ಮೇಲಿದ್ದರು, ಈಗ ಗಡ್ಡೆ ಮತ್ತೆ ಬೆಳೆಯುತ್ತಿದೆ. ಮೊದಲ ಬಯಾಪ್ಸಿಯಲ್ಲಿ ಅದೇ ಜೀನಿನ ಎಲ್858ಆರ್ ಮ್ಯುಟೇಶನ್ ಇತ್ತು. ಡ್ರಾಪ್ಲೆಟ್ ಪಿಸಿಆರ್‌ನಲ್ಲಿ (ಡಿಎನ್‌ಎಯನ್ನು ಸಾವಿರಾರು ಹನಿಗಳಿಗೆ ಹಂಚಿ ಎಣಿಸುವ ಪರೀಕ್ಷೆ) ಟಿ790ಎಂ ಇಲ್ಲ, ಎಲ್858ಆರ್ ಕೂಡ ಇಲ್ಲ! ಡಿಎನ್‌ಎ ಮಾತ್ರ ಧಾರಾಳವಾಗಿದೆ, ಒಂದು ಮಿಲಿ ಪ್ಲಾಸ್ಮಾಕ್ಕೆ 60 ನ್ಯಾನೋಗ್ರಾಂ. ಕಿಟ್ ಬದಲಿಸಿದರೂ ಅದೇ ಕಥೆ. ‘ನೆಗೆಟಿವ್’ ಅಂತ ರಿಪೋರ್ಟ್ ಕೊಡಬಹುದಾ?

ಮಲೆನಾಡಿಗ:
ದಯವಿಟ್ಟು ಕೊಡಬೇಡಿ. ಎಲ್858ಆರ್ ಆ ಗಡ್ಡೆಯ ಹುಟ್ಟುಗುರುತು. ಅದೇ ಕಾಣಲಿಲ್ಲ ಅಂದರೆ ಗಡ್ಡೆಯ ಡಿಎನ್‌ಎ ನಿಮ್ಮ ಕೈಗೆ ಸಿಕ್ಕೇ ಇಲ್ಲ. ಆಗ ಟಿ790ಎಂ ಬಗ್ಗೆ ಏನೂ ಹೇಳುವ ಹಾಗಿಲ್ಲ. ನೀವು ‘ಇಲ್ಲ’ ಎಂದು ಬರೆದರೆ ಟಿ790ಎಂ ಇದ್ದಾಗ ಕೊಡುವ ಓಸಿಮರ್ಟಿನಿಬ್ ಔಷಧಿ ಸಿಗಬೇಕಾದವರಿಗೆ ಅದು ತಪ್ಪಬಹುದು. ‘ಹೇಳಲಾಗದು, ಮತ್ತೆ ರಕ್ತ ಬೇಕು’ ಎಂದು ಬರೆಯಿರಿ.

ಆ 60 ನೋಡಿಯೇ ನನಗೆ ಅನುಮಾನ. ಡಿಎನ್‌ಎ ತುಂಡುಗಳ ಉದ್ದ ತೋರಿಸುವ ಬಯೋಅನಲೈಸರ್ ಗ್ರಾಫ್ ಹೇಗಿದೆ? ರಕ್ತ ಯಾವ ಟ್ಯೂಬಿನಲ್ಲಿ, ಎಷ್ಟು ಹೊತ್ತಿಗೆ ಬಂತು?

ಹೊಸ_ಪಿಪೆಟ್:
167 ಬೇಸ್ ಹತ್ತಿರ ಸಣ್ಣ ಉಬ್ಬು. ಬಲಗಡೆ ಕೊನೆಯಲ್ಲಿ ಗುಡ್ಡದಂಥ ಉಬ್ಬು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ರಾತ್ರಿ ಬಸ್ಸಿನಲ್ಲಿ ಬಂದದ್ದು. ಸೆಂಟ್ರಿಫ್ಯೂಜ್‌ನಲ್ಲಿ 1600 ಜಿ ಬಲದಲ್ಲಿ ಒಂದೇ ಸ್ಪಿನ್ ಮಾಡಿ ಮೈನಸ್ 80ಕ್ಕೆ ಇಟ್ಟೆ. ಪ್ಲಾಸ್ಮಾ ಸ್ವಲ್ಪ ಗುಲಾಬಿ ಇತ್ತು.

ಮಲೆನಾಡಿಗ:
ಸಿಕ್ಕಿತು ನೋಡಿ. 167ರ ಸಣ್ಣ ಉಬ್ಬು ರಕ್ತದಲ್ಲಿ ತೇಲುವ ತುಂಡು ಡಿಎನ್‌ಎಯದ್ದು, ಆ ಗುಡ್ಡ ಬಿಳಿ ರಕ್ತಕಣಗಳ ಉದ್ದ ಡಿಎನ್‌ಎಯದ್ದು. ರಾತ್ರಿಯೆಲ್ಲ ಟ್ಯೂಬಿನಲ್ಲಿ ಕೂತು ಅವು ಒಡೆದಿವೆ. ಕೆಂಪು ಕಣಗಳೂ ಒಡೆದಿವೆ, ಗುಲಾಬಿ ಬಣ್ಣ ಅದರದ್ದು. ಒಂದು ಸ್ಪಿನ್‌ನಲ್ಲಿ ಉಳಿದ ಕಣಗಳು ಫ್ರೀಜ್ ಆದಾಗ ಇನ್ನಷ್ಟು ಒಡೆಯುತ್ತವೆ.

ಲೆಕ್ಕ ಹಾಕಿ. 10 ನ್ಯಾನೋಗ್ರಾಂ ಅಂದರೆ ಸುಮಾರು 3000 ಜೀನೋಮ್ ಪ್ರತಿ. ಗಡ್ಡೆಯ ಪಾಲು ಶೇ. 0.1 ಇದ್ದರೆ ಮೂರೇ ಮೂರು. ಮೇಲಿಂದ ಬಿಳಿ ಕಣದ ಡಿಎನ್‌ಎ ಹತ್ತು ಪಟ್ಟು ಸುರಿದರೆ, ನೀವು ಹಾಕುವ ಅದೇ 10 ನ್ಯಾನೋಗ್ರಾಂನಲ್ಲಿ ಒಂದೂ ಇಲ್ಲದಿರಬಹುದು. ಕಿಟ್ ಏನು ಮಾಡೀತು?

ಇಡಿಟಿಎ ಆದರೆ ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡಿ. 1600 ಜಿ ಹತ್ತು ನಿಮಿಷ. ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಬಿಟ್ಟುಬಿಡಿ, ಅದಕ್ಕೆ ಆಸೆಪಡಬೇಡಿ. ಹೊಸ ಟ್ಯೂಬಿಗೆ ಹಾಕಿ 16,000 ಜಿ ಇನ್ನೊಮ್ಮೆ, ಆಮೇಲೆ ಫ್ರೀಜರ್. ದೂರದಿಂದ ಬರುವುದಾದರೆ, ಕಣಗಳು ಒಡೆಯದಂತೆ ಕಾಪಾಡುವ ಸ್ಟ್ರೆಕ್ ಟ್ಯೂಬ್ ಕಳಿಸಿ. ಅದನ್ನು ಐಸ್ ಮೇಲೆ ಮಾತ್ರ ಇಡಬೇಡಿ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡವೇ ಬೇಡ, ಪಿಸಿಆರ್ ಹಾಳಾಗುತ್ತದೆ.

ಉಳಿದಿರುವ ಡಿಎನ್‌ಎಯಲ್ಲಿ ಬೀಡ್ಸ್ (ಡಿಎನ್‌ಎ ಹಿಡಿಯುವ ಸಣ್ಣ ಮಣಿಗಳು) ಹಾಕಿ ಉದ್ದ ತುಂಡುಗಳನ್ನು ತೆಗೆದು ನೋಡಬಹುದು. ಆದರೆ ಅದನ್ನು ನಂಬಿ ರಿಪೋರ್ಟ್ ಕೊಡಬೇಡಿ.

ಹೊಸ_ಪಿಪೆಟ್ (ಹನ್ನೆರಡು ದಿನದ ನಂತರ):
ಸರ್, ಒಬ್ಬರ ರಕ್ತ ಮತ್ತೆ ಬಂತು. ಈ ಸಲ ಅಲ್ಲೇ ಎರಡು ಗಂಟೆಯೊಳಗೆ ಸ್ಪಿನ್ ಮಾಡಿಸಿದೆವು. ಪ್ಲಾಸ್ಮಾ ತಿಳಿ ಹಳದಿ, ಗುಡ್ಡ ಮಾಯ. ಮಿಲಿಗೆ 9 ನ್ಯಾನೋಗ್ರಾಂ. ಎಲ್858ಆರ್ 31 ಡ್ರಾಪ್ಲೆಟ್, ಟಿ790ಎಂ 12! ಮ್ಯುಟೇಶನ್ ಇಲ್ಲದ ಕಂಟ್ರೋಲ್‌ನಲ್ಲಿ ಸೊನ್ನೆ. ಕೈ ನಡುಗಿತು. ಡಾಕ್ಟರಿಗೆ ತಿಳಿಸಿದ್ದೇವೆ.

ಇನ್ನೊಬ್ಬರಿಗೆ ಎದೆಯಲ್ಲಿ ನೀರು ತುಂಬಿದೆ, ರಕ್ತ ತೆಗೆಯುವುದು ಕಷ್ಟ. ಆ ನೀರು ನಡೆಯುತ್ತದಾ?

ಮಲೆನಾಡಿಗ:
ತುಂಬಾ ಸಂತೋಷವಾಯಿತು. ಎದೆಯ ನೀರು ಚೆನ್ನಾಗಿಯೇ ನಡೆಯುತ್ತದೆ. ಕೋಶ ನೋಡಲು ಕೆಳಗಿನ ಗಸಿ ತೆಗೆದುಕೊಂಡು ಮೇಲಿನ ನೀರನ್ನು ಸಿಂಕಿಗೆ ಚೆಲ್ಲುತ್ತಾರೆ. ಗಡ್ಡೆಯ ಡಿಎನ್‌ಎ ಅದರಲ್ಲೂ ಇರುತ್ತದೆ. ಇವತ್ತೇ ಫೋನ್ ಮಾಡಿ, ಚೆಲ್ಲಬೇಡಿ ಎಂದು ಹೇಳಿ.