ಸಿ ಭಾಷೆ: ಪೈಪ್‌ನಿಂದ ಜೋಡಿಸಿದ ಎರಡು ಪ್ರೋಸೆಸ್‌ಗಳು, ವೇಟ್‌ಪಿಡ್‌ನಲ್ಲಿ ನಿಂತುಹೋಗುವ ಪ್ರೋಗ್ರಾಂ

ಪ್ರಶ್ನೆ

ನಮಸ್ಕಾರ. ಕನ್ನಡ ಪದಗಳ ಪಟ್ಟಿಯೊಂದನ್ನು ವಿಂಗಡಿಸಿ, ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪ್ರೋಗ್ರಾಂ ಅನ್ನು ಲಿನಕ್ಸ್‌ನಲ್ಲಿ ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಆದೇಶಗಳನ್ನು ಟೈಪ್ ಮಾಡುವ ಶೆಲ್‌ನಲ್ಲಿ, ವಿಂಗಡಿಸುವ ‘ಸಾರ್ಟ್’ ಮತ್ತು ಎಣಿಸುವ ‘ಯುನಿಕ್ -ಸಿ’ಗಳ ನಡುವೆ ಒಂದು ಗೆರೆ (|) ಎಳೆದರೆ ಆಗಿಬಿಡುವ ಕೆಲಸವನ್ನೇ ಫೋರ್ಕ್ (ಹೊಸ ಪ್ರೋಸೆಸ್ ಹುಟ್ಟಿಸುವ ಕರೆ), ಡಪ್2 (ಇನ್‌ಪುಟ್, ಔಟ್‌ಪುಟ್‌ಗಳನ್ನು ಪೈಪ್‌ನತ್ತ ತಿರುಗಿಸುವ ಕರೆ), ಎಕ್ಸೆಕ್‌ವಿಪಿ (ಪ್ರೋಸೆಸ್‌ನಲ್ಲಿ ಬೇರೆ ಪ್ರೋಗ್ರಾಂ ಓಡಿಸುವ ಕರೆ) ಇವುಗಳಿಂದ ಮಾಡಿಸುವುದು ನನ್ನ ಉದ್ದೇಶ. ಮೊದಲನೆಯ ಪೈಪ್ ಸಾರ್ಟ್‌ನಿಂದ ಯುನಿಕ್‌ಗೆ, ಎರಡನೆಯದು ಯುನಿಕ್‌ನಿಂದ ನನ್ನ ಪ್ರೋಗ್ರಾಂಗೆ. ಸಾರ್ಟ್ ಅನ್ನು ಫೋರ್ಕ್ ಮಾಡಿ, ಅದು ಮುಗಿಯುವವರೆಗೂ ಕಾಯಿಸುವ ವೇಟ್‌ಪಿಡ್ ಕರೆದು, ಅದು ಮುಗಿದ ಮೇಲೆ ಯುನಿಕ್ ಅನ್ನು ಆರಂಭಿಸುತ್ತೇನೆ. ಇನ್ನೂರು ಪದಗಳ ಫೈಲ್ ಕೊಟ್ಟರೆ ಮೊದಲ ವೇಟ್‌ಪಿಡ್ ತಕ್ಷಣ ದಾಟುತ್ತದೆ. ಇಪ್ಪತ್ತು ಸಾವಿರ ಪದಗಳ ಫೈಲ್ ಕೊಟ್ಟರೆ ಅಲ್ಲೇ ನಿಂತುಬಿಡುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಕೋಡ್ ಒಂದೇ ಆಗಿದ್ದರೂ ಫೈಲ್‌ನ ಗಾತ್ರದಿಂದ ಹೀಗೇಕಾಗುತ್ತದೆ?

ಉತ್ತರ 1

ಪೈಪ್ ಎಂಬುದು ಕರ್ನೆಲ್‌ನೊಳಗಿನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನೊಳಗಿನ) ಒಂದು ಸಣ್ಣ ತೊಟ್ಟಿ; ಒಂದು ಪ್ರೋಸೆಸ್ ಬರೆದದ್ದನ್ನು ಇನ್ನೊಂದು ಅದರಿಂದ ಓದುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದರ ಅಳತೆ 65,536 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ ಮೂರು ಮೂರು ಬೈಟ್ ಬೇಕಾಗುವುದರಿಂದ, ‘ಕಾಡು’ ಎಂಬ ಪುಟ್ಟ ಪದವೇ ಹನ್ನೆರಡು ಬೈಟ್ ಹಿಡಿಯುತ್ತದೆ. ಇನ್ನೂರು ಪದಗಳು ತೊಟ್ಟಿಯಲ್ಲಿ ಆರಾಮವಾಗಿ ಕುಳಿತುಕೊಳ್ಳುತ್ತವೆ, ಸಾರ್ಟ್ ಬರೆದು ಮುಗಿಸಿ ಹೊರಟುಹೋಗುತ್ತದೆ. ಇಪ್ಪತ್ತು ಸಾವಿರ ಪದಗಳಾದರೆ ತೊಟ್ಟಿ ತುಂಬಿ, ಯಾರಾದರೂ ಓದಿ ಜಾಗ ಮಾಡಿಕೊಡಲಿ ಎಂದು ಸಾರ್ಟ್ ತನ್ನ ರೈಟ್ ಕರೆಯೊಳಗೇ ಕಾಯುತ್ತದೆ. ಓದಬೇಕಾದ ಯುನಿಕ್ ಇನ್ನೂ ಹುಟ್ಟಿಯೇ ಇಲ್ಲ. ಅದನ್ನು ಹುಟ್ಟಿಸಬೇಕಾದ ನೀವು ಸಾರ್ಟ್ ಮುಗಿಯಲೆಂದು ಕಾಯುತ್ತಿದ್ದೀರಿ.

ಆದ್ದರಿಂದ ಎರಡೂ ಮಕ್ಕಳನ್ನು (ಫೋರ್ಕ್‌ನಿಂದ ಹುಟ್ಟುವ ಪ್ರೋಸೆಸ್‌ಗಳನ್ನು) ಮೊದಲು ಆರಂಭಿಸಿ, ಎರಡನೆಯ ಪೈಪ್‌ನಿಂದ ರೀಡ್ ಸೊನ್ನೆ, ಅಂದರೆ ಮುಕ್ತಾಯದ ಸೂಚನೆ, ಕೊಡುವವರೆಗೂ ಓದಿ, ಆಮೇಲಷ್ಟೇ ಇಬ್ಬರಿಗೂ ವೇಟ್‌ಪಿಡ್ ಕರೆಯಿರಿ. ಯಾರಿಗೆ ಮೊದಲು ಕಾಯುತ್ತೀರಿ ಎಂಬುದು ಮುಖ್ಯವಲ್ಲ, ಏಕೆಂದರೆ ಮುಗಿದ ಪ್ರೋಸೆಸ್‌ನ ಸ್ಥಿತಿಯನ್ನು ನೀವು ಕೇಳುವವರೆಗೂ ಕರ್ನೆಲ್ ಇಟ್ಟುಕೊಂಡಿರುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ವೇಟ್‌ಪಿಡ್‌ಗಳನ್ನು ಕೊನೆಗೆ ಸರಿಸಿದೆ. ಈಗ ಪದಗಳು ಬರುತ್ತಿವೆ, ಆದರೆ ಪಟ್ಟಿ ಪೂರ್ಣವಾಗುವುದಿಲ್ಲ: ‘ಹೊಳೆ’ ಎಂಬ ಪದದ ನಡುವೆ ‘ಹೊ’ ಎಂಬಲ್ಲಿ ತುಂಡಾಗಿ, ಓದುವ ಲೂಪ್ ಮತ್ತೆ ನಿಂತಿದೆ. ಸಾರ್ಟ್ ಮುಗಿದಿರುವುದನ್ನು ಪಿಎಸ್ (ಪ್ರೋಸೆಸ್‌ಗಳ ಪಟ್ಟಿ ಕೊಡುವ ಆದೇಶ) ತೋರಿಸುತ್ತಿದೆ, ಯುನಿಕ್ ಮಾತ್ರ ಇನ್ನೂ ಉಳಿದಿದೆ.

ಉತ್ತರ 2

ಇದು ಮುಚ್ಚದೆ ಉಳಿದ ಬರೆಯುವ ತುದಿಯ ತೊಂದರೆ. ಪೈಪ್‌ನ ಬರೆಯುವ ತುದಿಯನ್ನು ಹಿಡಿದಿರುವವರೆಲ್ಲರೂ ಅದನ್ನು ಮುಚ್ಚಿದಾಗ ಮಾತ್ರ ಓದುವವನಿಗೆ ಮುಕ್ತಾಯ ತಿಳಿಯುತ್ತದೆ, ಮತ್ತು ಫೋರ್ಕ್ ಆದಾಗಲೆಲ್ಲ ಆ ತುದಿಯ ಇನ್ನೊಂದು ಪ್ರತಿ ಹುಟ್ಟುತ್ತದೆ. ಮೊದಲನೆಯ ಪೈಪ್‌ನ ಬರೆಯುವ ತುದಿ ಸಾರ್ಟ್‌ನ ಬಳಿ ಮಾತ್ರವಲ್ಲದೆ ನಿಮ್ಮ ಮೂಲ ಪ್ರೋಗ್ರಾಂನಲ್ಲೂ ಇದೆ, ಯುನಿಕ್‌ನಲ್ಲೂ ಇದೆ. ಹಲವರು ತಪ್ಪುವುದು ಯುನಿಕ್‌ನ ವಿಷಯದಲ್ಲೇ: ತಾನೇ ಓದಬೇಕಾದ ಪೈಪ್‌ನ ಬರೆಯುವ ತುದಿಯನ್ನು ತಾನೇ ತೆರೆದಿಟ್ಟುಕೊಂಡು, ಅದು ಮುಚ್ಚಲಿ ಎಂದು ಎಂದೆಂದಿಗೂ ಕಾಯುತ್ತಿರುತ್ತದೆ. ಪದ ತುಂಡಾದದ್ದಕ್ಕೂ ಕಾರಣ ಇದೇ. ಯುನಿಕ್ ತನ್ನ ಬಫರ್ (ಬರೆಯುವ ಮುನ್ನ ಕೂಡಿಡುವ ಜಾಗ) ತುಂಬಿದಾಗಲೆಲ್ಲ ಹೊರಗೆ ಕಳಿಸುತ್ತದೆ, ಕೊನೆಯ ಅರೆತುಂಬಿದ ಬಫರ್ ಅದು ಮುಗಿಯುವಾಗಷ್ಟೇ ಹೊರಬರುತ್ತದೆ.

ಪ್ರತಿ ಮಗುವಿನಲ್ಲೂ ಡಪ್2 ಆದ ಮೇಲೆ ಎರಡು ಪೈಪ್‌ಗಳ ನಾಲ್ಕೂ ತುದಿಗಳನ್ನು ಮುಚ್ಚಿರಿ. ಮೂಲ ಪ್ರೋಗ್ರಾಂನಲ್ಲಿ ಎರಡನೆಯ ಪೈಪ್‌ನ ಓದುವ ತುದಿಯೊಂದನ್ನು ಬಿಟ್ಟು ಉಳಿದ ಮೂರನ್ನೂ ಓದುವ ಮೊದಲೇ ಮುಚ್ಚಿರಿ. ಪೈಪ್ ಸೃಷ್ಟಿಸುವ ಪೈಪ್2 ಕರೆಗೆ ಓ_ಕ್ಲೋಎಕ್ಸೆಕ್ ಎಂಬ ಗುರುತು ಕೊಟ್ಟರೆ ಮಕ್ಕಳ ಪಾಲಿನದು ಎಕ್ಸೆಕ್ ಆಗುವಾಗ ತಾನಾಗಿ ಮುಚ್ಚುತ್ತದೆ, ಡಪ್2 ಮಾಡಿದ ಪ್ರತಿಗೆ ಆ ಗುರುತು ಅಂಟುವುದಿಲ್ಲ. ಆದರೆ ಮೂಲ ಪ್ರೋಗ್ರಾಂನವನ್ನು ನೀವೇ ಮುಚ್ಚಬೇಕು.

ಉತ್ತರ 3

ಎರಡು ಮಾತು ಸೇರಿಸಬಯಸುತ್ತೇನೆ. ಎಕ್ಸೆಕ್‌ವಿಪಿ ವಿಫಲವಾದರೆ ಆ ಮಗು ನಿಮ್ಮ ಕೋಡ್‌ನಲ್ಲೇ ಮುಂದುವರಿಯುತ್ತದೆ, ಆದ್ದರಿಂದ ಅದರ ಮುಂದಿನ ಸಾಲಿನಲ್ಲೇ ಅಂಡರ್‌ಸ್ಕೋರ್ ಇರುವ _ಎಕ್ಸಿಟ್ ಅನ್ನು 127 ಕೊಟ್ಟು ಕರೆಯಿರಿ; ಬರಿಯ ಎಕ್ಸಿಟ್ ಕರೆದರೆ ಫೋರ್ಕ್‌ಗೆ ಮುಂಚೆ ಪ್ರಿಂಟ್‌ಎಫ್ ಬಫರ್‌ನಲ್ಲಿ ಉಳಿದದ್ದು ಎರಡು ಸಲ ಮುದ್ರಣವಾಗಬಹುದು. ಇನ್ನು ವೇಟ್‌ಪಿಡ್ ಕೊಡುವ ಸ್ಥಿತಿಯನ್ನು ನೇರವಾಗಿ ಸೊನ್ನೆಗೆ ಹೋಲಿಸಿ ಬಿಡಬೇಡಿ. ಮೊದಲು ಡಬ್ಲ್ಯುಐಎಫ್‌ಎಕ್ಸಿಟೆಡ್ (ಪ್ರೋಸೆಸ್ ತಾನಾಗಿ ಮುಗಿಯಿತೇ ಎಂದು ಹೇಳುವ ಮ್ಯಾಕ್ರೋ) ನೋಡಿ, ಆಮೇಲೆ ಸಂಖ್ಯೆ ತೆಗೆಯಿರಿ. ಮುಂದೆ ಯುನಿಕ್‌ನ ಜಾಗದಲ್ಲಿ ‘ಹೆಡ್’ ಹಾಕಿದರೆ, ಅದು ಹತ್ತು ಸಾಲು ಓದಿ ಹೊರಟಾಗ ಸಾರ್ಟ್, ಓದುವವರಿಲ್ಲದ ಪೈಪ್‌ಗೆ ಬರೆದಾಗ ಬರುವ ಸಿಗ್‌ಪೈಪ್ ಸಂಕೇತದಿಂದ ಸಾಯಬಹುದು, ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಯುನಿಕ್‌ನಲ್ಲಿ ಬರೆಯುವ ತುದಿ ತೆರೆದೇ ಇತ್ತು. ಮೂಲ ಪ್ರೋಗ್ರಾಂನಲ್ಲಿ ಮಾತ್ರ ಮುಚ್ಚಿ ನೋಡಿದಾಗ ಹಾಗೆಯೇ ನಿಂತಿತು, ಯುನಿಕ್‌ನಲ್ಲೂ ಮುಚ್ಚಿದ ಮೇಲೆ ‘ಹೊಳೆ’ ಪೂರ್ತಿಯಾಗಿ ಬಂತು, ಅದರ ಹಿಂದೆ ಉಳಿದ ಪದಗಳೂ ಬಂದವು.